ಎಲೆ ಬಣ್ಣ ತಿರುಗುವ ಕಾಲದಲ್ಲಿ ಬೆಟ್ಟದ ರೆಸಾರ್ಟ್ ಸುತ್ತ ಫೋಟೊ ಜಾಗ ಹುಡುಕುವುದು ಹೇಗೆ

ಬೆಟ್ಟದ ಮೇಲಿನ ಯಾವುದೇ ರೆಸಾರ್ಟಿಗೆ ಹೋಗಿ, ರಿಸೆಪ್ಷನ್‌ನಲ್ಲಿ "ಇಲ್ಲಿ ಫೋಟೊ ತೆಗೆಯೋಕೆ ಒಳ್ಳೇ ಜಾಗ ಯಾವುದು?" ಅಂತ ಕೇಳಿ ನೋಡಿ. ಎಲ್ಲರಿಗೂ ಕೊಡುವ ಅದೇ ನಕ್ಷೆ ನಿಮ್ಮ ಕೈಗೂ ಬರುತ್ತದೆ. ಮೂರು ವ್ಯೂಪಾಯಿಂಟ್‌ಗಳಿಗೆ ಪೆನ್ನಿನಲ್ಲಿ ಸುತ್ತು ಹಾಕಿ ಕೊಡುತ್ತಾರೆ. ಅವು ಕೆಟ್ಟ ಜಾಗಗಳೇನಲ್ಲ. ಆದರೆ ಅಲ್ಲಿ ಕಾರು ನಿಲ್ಲಿಸಬಹುದು, ಸುತ್ತ ಕಂಬಿ ಹಾಕಬಹುದು, ಬಸ್ಸು ತಿರುಗಿಸಬಹುದು ಅಂತ ಯಾರೋ ಆರಿಸಿದ ಜಾಗಗಳು ಅವು. ಅಕ್ಟೋಬರ್ ತಿಂಗಳಲ್ಲಿ ಬೆಳಿಗ್ಗೆ ಏಳು ಗಂಟೆಗೆ ಅಲ್ಲಿ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಎದುರಿನ ಇಳಿಜಾರಿನಲ್ಲಿ ಬಣ್ಣ ತಿರುಗುವ ಮರ ಇದೆಯಾ ಅಂತ ಯಾರೂ ಯೋಚಿಸಿರುವುದಿಲ್ಲ.

ಒಳ್ಳೆಯ ಜಾಗ ಅಂದರೆ ಬಣ್ಣ, ಬೆಳಕು, ನಿಲ್ಲೋಕೆ ನೆಲ, ಈ ಮೂರೂ ಒಂದೇ ದಿನ ಒಂದೇ ಕಡೆ ಸೇರುವ ಜಾಗ. ನಮ್ಮಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗಾಗಿ ಹುಡುಕುತ್ತೇವೆ. ಮೊದಲು ನಿಲ್ಲೋಕೆ ಜಾಗ ಹುಡುಕಿ ಹೋಗುತ್ತೇವೆ, ಆಮೇಲೆ ಬೆಳಕಿಗೆ ಕಾಯುತ್ತೇವೆ, ಕೊನೆಗೆ ಕಣ್ಣು ಬಿಟ್ಟು ನೋಡಿದರೆ ಎದುರಿಗಿರುವುದೆಲ್ಲ ವರ್ಷವಿಡೀ ಹಸಿರಾಗಿರುವ ಪೈನ್ ಮರಗಳು. ನಾನೂ ಇದನ್ನೇ ಮಾಡಿದವನು, ಒಂದು ಸಲ ಅಲ್ಲ. ಈಗ ಬಣ್ಣದಿಂದ ಶುರು ಮಾಡುತ್ತೇನೆ. ಅದೂ ಹೊರಡುವ ಎರಡು ವಾರ ಮುಂಚೆ, ಮನೆಯಲ್ಲಿ ಕೂತು.

ಮೊದಲು ಮರ ಯಾವುದು ನೋಡಿ

ಬೆಟ್ಟ ಎತ್ತರವಾದಷ್ಟೂ ಬಣ್ಣ ಜಾಸ್ತಿ ಅಂದುಕೊಳ್ಳಬೇಡಿ. ಬಹಳಷ್ಟು ರೆಸಾರ್ಟುಗಳು ಇರುವುದೇ ಪೈನ್, ಫರ್, ಸ್ಪ್ರೂಸ್ ಕಾಡಿನ ನಡುವೆ. ಅವು ಬಣ್ಣ ತಿರುಗುವುದಿಲ್ಲ. ಕಾಶ್ಮೀರದ ಗುಲ್ಮಾರ್ಗ್ ನೋಡಿ, ಸುಮಾರು 2,650 ಮೀಟರ್ ಎತ್ತರ, ಸುತ್ತ ದಟ್ಟ ಹಸಿರು ಕಾಡು. ಕಾಶ್ಮೀರದ ಹೆಸರಾದ ಆ ಕೆಂಪು ಚಿನಾರ್ ಮರ ಬೇಕೆಂದರೆ ಸಾವಿರ ಮೀಟರಿನಷ್ಟು ಕೆಳಗಿಳಿದು ಶ್ರೀನಗರದ ಕಡೆಗೇ ಬರಬೇಕು, ಅದೂ ಅಕ್ಟೋಬರ್ ಕೊನೆ ಇಲ್ಲವೇ ನವೆಂಬರ್ ಮೊದಲ ಭಾಗದಲ್ಲಿ. ರೂಮು ಮೇಲೆ, ಫೋಟೊ ಕೆಳಗೆ. ಇದು ಗೊತ್ತಿಲ್ಲದೆ ನಾಲ್ಕು ದಿನ ಮೇಲೆಯೇ ಕೂತರೆ ಹಸಿರು ಫೋಟೊ ಹಿಡಿದುಕೊಂಡು ವಾಪಸ್ ಬರಬೇಕಾಗುತ್ತದೆ.

ಸೂಜಿ ಎಲೆಯ ಮರಗಳಲ್ಲಿ ಕೆಲವೇ ಕೆಲವು ಬೇರೆ ಥರ, ಬೆಟ್ಟದಲ್ಲಿ ನೆನಪಿಡಬೇಕಾದದ್ದು ಒಂದು. ಲಾರ್ಚ್. ನೋಡೋಕೆ ಪೈನ್ ಮರದ ತಮ್ಮನ ಹಾಗೆ ಇರುತ್ತದೆ, ಆದರೆ ಶರತ್ಕಾಲ ಬಂದರೆ ಸೂಜಿಗಳೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿ ಉದುರಿಹೋಗುತ್ತವೆ. ಕೆನಡಾದ ರಾಕಿ ಬೆಟ್ಟಗಳಲ್ಲಿ ಇದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ನಡೆಯುತ್ತದೆ, ಇಟಲಿಯ ಡೋಲಮೈಟ್ಸ್‌ನಲ್ಲಿ ಅಕ್ಟೋಬರ್ ದ್ವಿತೀಯಾರ್ಧದಲ್ಲಿ. ಹಾಗಾಗಿ ಬುಕ್ ಮಾಡುವ ಮುಂಚೆ ಆ ಪ್ರದೇಶದಲ್ಲಿ ಇರುವುದು ಆಸ್ಪೆನ್ನೋ, ಲಾರ್ಚೋ, ಮೇಪಲ್ಲೋ, ಬರ್ಚೋ, ಬೀಚೋ ಅಂತ ಹುಡುಕಿ ಇಟ್ಟುಕೊಳ್ಳಿ. ಹೆಸರು ಗೊತ್ತಾದರೆ ದಿನಾಂಕ ತಾನಾಗಿ ಸಿಗುತ್ತದೆ.

ಆಸ್ಪೆನ್ ಇರುವ ಕಡೆ ಹೋಗುತ್ತಿದ್ದರೆ ಒಂದು ವಿಷಯ ತಿಳಿದಿರಲಿ. ಒಂದು ಆಸ್ಪೆನ್ ತೋಪು ಅಂದರೆ ಬಹಳ ಸಲ ಒಂದೇ ಬೇರಿನಿಂದ ಎದ್ದ ಒಂದೇ ಮರ. ಅಮೆರಿಕದ ಯೂಟಾ ರಾಜ್ಯದಲ್ಲಿ ಪಾಂಡೋ ಅಂತ ಕರೆಯುವ ತೋಪು ಸುಮಾರು 43 ಹೆಕ್ಟೇರ್ ಹಬ್ಬಿದೆ, ಅದರಲ್ಲಿ ಸುಮಾರು 47,000 ಕಾಂಡಗಳಿವೆ, ಎಲ್ಲವೂ ಒಂದೇ ಜೀವ. ನಮಗೇನು ಲಾಭ ಅಂದರೆ, ಒಂದು ತೋಪು ಪೂರ್ತಿ ಒಟ್ಟಿಗೇ ಹಳದಿಯಾಗುತ್ತದೆ, ಪಕ್ಕದ ತೋಪು ಆಗಿನ್ನೂ ಹಸಿರಾಗಿರುತ್ತದೆ, ಅದರ ಆಚೆಯದು ಕಿತ್ತಳೆ. ಒಳಗೆ ನಿಂತರೆ ಇದು ಕಾಣುವುದಿಲ್ಲ. ಎದುರು ಬೆಟ್ಟದ ಮೇಲೆ ನಿಂತು ನೋಡಿದರೆ ಕೌದಿ ಹೊದಿಸಿದ ಹಾಗೆ ತುಂಡು ತುಂಡು ಬಣ್ಣ ಕಾಣುತ್ತದೆ. ಅಂದರೆ ನೀವು ಹುಡುಕಬೇಕಾದದ್ದು ತೋಪನ್ನಲ್ಲ, ಅದರ ಎದುರಿನ ದಿಬ್ಬವನ್ನು.

ಎತ್ತರ ಅಂದರೆ ಏಣಿ

"ಪೀಕ್ ಬಂತಾ?" ಅಂತ, ಅಂದರೆ ಬಣ್ಣ ಪೂರ್ತಿ ಏರಿತಾ ಅಂತ, ಎಲ್ಲರೂ ಕೇಳುತ್ತಾರೆ. ಆ ಪ್ರಶ್ನೆಗೆ ಬೆಟ್ಟದಲ್ಲಿ ಅರ್ಥ ಇಲ್ಲ. ಬಯಲಿನಲ್ಲಿ ಬಣ್ಣ ಬರುತ್ತದೆ, ಹೋಗುತ್ತದೆ, ಅಷ್ಟೇ. ಬೆಟ್ಟದಲ್ಲಿ ಅದು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಸಾವಿರ ಮೀಟರ್ ಮೇಲೆ ಹತ್ತಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಂಪು. ರೆಸಾರ್ಟ್ 1,800 ಮೀಟರಿನಲ್ಲಿದ್ದು ಕೇಬಲ್ ಕಾರಿನ ತುದಿ 2,600 ಮೀಟರಿನಲ್ಲಿದ್ದರೆ ನಿಮ್ಮ ಕೈಯಲ್ಲಿ ಐದು ಡಿಗ್ರಿ ವ್ಯತ್ಯಾಸದ ಏಣಿ ಇದೆ. ಬೇಗ ಬಂದುಬಿಟ್ಟಿರಾ? ಮೇಲೆ ಹತ್ತಿ. ತಡವಾಯಿತಾ? ಕೆಳಗಿನ ಕಣಿವೆಗೆ ಇಳಿಯಿರಿ. ಹಾಗಾಗಿ ಕೇಳಬೇಕಾದ ಪ್ರಶ್ನೆ "ಇವತ್ತು ಬಣ್ಣ ಯಾವ ಎತ್ತರದಲ್ಲಿದೆ?" ಅನ್ನುವುದು.

ಜಪಾನಿನಲ್ಲಿ ಇದು ಇಡೀ ದೇಶದ ಅಳತೆಯಲ್ಲಿ ಕಾಣುತ್ತದೆ. ಹೊಕ್ಕೈಡೊ ದ್ವೀಪದ ದೈಸೆತ್ಸುಝಾನ್ ಬೆಟ್ಟಗಳ ಮೇಲೆ ಸೆಪ್ಟೆಂಬರ್ ಮಧ್ಯದಲ್ಲೇ ಕೆಂಪು ಶುರುವಾಗುತ್ತದೆ, ಅಲ್ಲಿಂದ ದಕ್ಷಿಣಕ್ಕೆ ಮತ್ತು ತಗ್ಗಿಗೆ ಇಳಿಯುತ್ತಾ ಬರುತ್ತದೆ. ನ್ಯೂಜಿಲೆಂಡ್ ಕಡೆ ಹೋಗುವವರು ಕ್ಯಾಲೆಂಡರನ್ನೇ ತಿರುಗಿಸಿಕೊಳ್ಳಿ. ಕ್ವೀನ್ಸ್‌ಟೌನ್ ಪಕ್ಕದ ಆ್ಯರೋಟೌನಿನಲ್ಲಿ ಬಣ್ಣ ಬರುವುದು ಏಪ್ರಿಲ್‌ನಲ್ಲಿ.

ಇನ್ನು ಇಳಿಜಾರಿನ ಮುಖ. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಕಡಿಮೆ, ತೇವ ಜಾಸ್ತಿ, ದಕ್ಷಿಣದ ಮುಖಕ್ಕೆ ಬಿಸಿಲು ಜಾಸ್ತಿ. ಒಂದೇ ಎತ್ತರದಲ್ಲಿದ್ದರೂ ಎರಡರ ಬಣ್ಣಕ್ಕೆ ಕೆಲವು ದಿನಗಳ ಅಂತರ ಇರಬಹುದು, ಬೆಳೆಯುವ ಮರವೇ ಬೇರೆ ಇರಬಹುದು. ದಕ್ಷಿಣ ಗೋಳಾರ್ಧದಲ್ಲಿ ಇದು ಉಲ್ಟಾ. ಮತ್ತೊಂದು ಮೋಸ ಇದೆ, ಕಣಿವೆಯ ತಳ. ರಾತ್ರಿ ತಣ್ಣನೆಯ ಗಾಳಿ ನೀರಿನ ಹಾಗೆ ಕೆಳಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ, ಹಾಗಾಗಿ ಮೇಲಿನ ಇಳಿಜಾರಿಗಿಂತ ತೊರೆ ಪಕ್ಕದ ಮರಗಳು ಮೊದಲೇ ತಿರುಗಿರುವುದು ಉಂಟು. "ಮೇಲೆ ಮೊದಲು, ಕೆಳಗೆ ಆಮೇಲೆ" ಅನ್ನುವ ಲೆಕ್ಕವನ್ನು ಕಣ್ಣು ಮುಚ್ಚಿ ನಂಬಬೇಡಿ.

ಕೆಂಪಿನ ವಿಷಯ ಸ್ವಲ್ಪ ಬೇರೆ. ಹಳದಿ ಬಣ್ಣ ಎಲೆಯೊಳಗೆ ಮೊದಲೇ ಇರುತ್ತದೆ, ಹಸಿರು ಕರಗಿದ ಮೇಲೆ ಹೊರಗೆ ಕಾಣುತ್ತದೆ ಅಷ್ಟೇ. ಕೆಂಪನ್ನು ಮಾತ್ರ ಎಲೆ ಆಗ ಹೊಸದಾಗಿ ಮಾಡಿಕೊಳ್ಳಬೇಕು, ಸಕ್ಕರೆ ಖರ್ಚು ಮಾಡಿ. ಅದಕ್ಕೆ ಬೇಕಾದದ್ದು ಒಳ್ಳೆ ಬಿಸಿಲಿನ ಹಗಲು, ಹೆಪ್ಪುಗಟ್ಟದಷ್ಟು ಚಳಿಯ ರಾತ್ರಿ. ಅಂಥ ಹವೆ ಒಂದು ವಾರ ಇದ್ದರೆ ಮೇಪಲ್ ಇರುವ ಕಡೆ ಓಡಿ. ಮೋಡ, ಮಳೆ, ಬೆಚ್ಚನೆಯ ರಾತ್ರಿಗಳೇ ಆಗಿದ್ದರೆ ಆ ವರ್ಷ ಕೆಂಪು ಮಂಕು, ಹಳದಿಯನ್ನೇ ನೆಚ್ಚಿಕೊಳ್ಳುವುದು ವಾಸಿ.

ಕೂತಲ್ಲೇ ಹುಡುಕುವುದು

ಇದು ನನಗೆ ಇಷ್ಟದ ಭಾಗ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಕಾಪರ್ನಿಕಸ್ ಬ್ರೌಸರ್ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್, ಸುಮಾರು ಐದು ದಿನಕ್ಕೊಮ್ಮೆ ಅದೇ ಜಾಗದ ಹೊಸ ಚಿತ್ರ. ರೆಸಾರ್ಟಿನ ಸುತ್ತಮುತ್ತಲಿನ ಜಾಗಕ್ಕೆ ಹೋಗಿ, ಹೋದ ವರ್ಷದ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ ಮೋಡ ಇಲ್ಲದ ದಿನಗಳ ಚಿತ್ರಗಳನ್ನು ಒಂದಾದ ಮೇಲೊಂದು ತೆರೆದು ನೋಡಿ. ಯಾವ ಇಳಿಜಾರು ಯಾವಾಗ ಹಳದಿಯಾಯಿತು, ಯಾವುದು ಕೊನೆತನಕ ಹಸಿರೇ ಇತ್ತು, ಯಾವಾಗ ಎಲ್ಲ ಕಂದಾಯಿತು, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಅದರ ಹಿಂದಿನ ವರ್ಷದ್ದನ್ನೂ ನೋಡಿ, ಯಾಕೆಂದರೆ ವರ್ಷದಿಂದ ವರ್ಷಕ್ಕೆ ದಿನಗಳು ಹಿಂದೆ ಮುಂದೆ ಆಗುತ್ತವೆ. ಆದರೆ ಯಾವ ತೋಪು ಮೊದಲು, ಯಾವುದು ಆಮೇಲೆ ಅನ್ನುವ ಸರದಿ ಅಷ್ಟಾಗಿ ಬದಲಾಗುವುದಿಲ್ಲ. ನನಗೆ ಬೇಕಾದದ್ದು ಆ ಸರದಿಯೇ.

ಬಣ್ಣದ ಇಳಿಜಾರು ಸಿಕ್ಕಿತಾ, ಈಗ ಅದನ್ನು ನೋಡುವ ಜಾಗ ಹುಡುಕಿ. ಎತ್ತರದ ಗೆರೆಗಳಿರುವ ನಕ್ಷೆ ತೆರೆಯಿರಿ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರ ಇದ್ದರೆ ಸಮತಟ್ಟು. ಬಣ್ಣದ ಇಳಿಜಾರಿಗೆ ಎದುರಾಗಿ, ಅದಕ್ಕಿಂತ ತುಸು ಎತ್ತರದಲ್ಲಿ, ಗೆರೆಗಳು ಸ್ವಲ್ಪ ಸಡಿಲವಾಗಿರುವ ಕಡೆ ರಸ್ತೆ ಇಲ್ಲವೇ ಕಾಲುದಾರಿ ಹಾದುಹೋಗಿದೆಯಾ? ಅಲ್ಲಿ ಗುರುತು ಹಾಕಿ. ಗೂಗಲ್ ಅರ್ಥ್‌ನಲ್ಲಿ ಆ ಗುರುತಿನ ಮೇಲೆ ಇಳಿದು ನಿಂತು ಎದುರಿಗೆ ಏನು ಕಾಣುತ್ತದೆ ಅಂತ ನೋಡಬಹುದು, ಆದರೆ ಅದು ಮುಂದೆ ಅಡ್ಡ ಬರುವ ಮರಗಳನ್ನೆಲ್ಲ ಸರಿಯಾಗಿ ತೋರಿಸುವುದಿಲ್ಲ. ಅಲ್ಲಿ ಎಷ್ಟೋ "ಅದ್ಭುತ" ಜಾಗಗಳು ಹೋಗಿ ನೋಡಿದರೆ ಪೈನ್ ಗೋಡೆಯ ಹಿಂದೆ ಇರುತ್ತವೆ. ಅದಕ್ಕೇ ಹತ್ತು ಗುರುತು ಹಾಕಿ, ಮೂರು ಉಳಿದರೆ ಸಂತೋಷಪಡಿ.

ನೀರನ್ನು ಮರೆಯಬೇಡಿ. ದೊಡ್ಡ ಸರೋವರ ಎಲ್ಲರಿಗೂ ಗೊತ್ತು. ಚಿಕ್ಕ ಕೊಳವೇ ಫೋಟೊಗೆ ಹೆಚ್ಚು ಅನುಕೂಲ, ಯಾಕೆಂದರೆ ಗಾಳಿಗೆ ಅದು ಬೇಗ ಕಲಕುವುದಿಲ್ಲ, ಸುತ್ತ ಮರಗಳಿದ್ದರೆ ಇನ್ನೂ ಒಳ್ಳೆಯದು. ಸ್ಕೀ ರೆಸಾರ್ಟುಗಳಲ್ಲಿ ಕೃತಕ ಹಿಮ ಮಾಡೋಕೆ ನೀರು ತುಂಬಿಡುವ ಕೊಳಗಳು ಮೇಲೆಲ್ಲೋ ಇರುತ್ತವೆ, ಪ್ರವಾಸಿ ನಕ್ಷೆಯಲ್ಲಿ ಇರುವುದಿಲ್ಲ, ಉಪಗ್ರಹ ಚಿತ್ರದಲ್ಲಿ ಮಾತ್ರ ನೀಟಾಗಿ ಕಾಣುತ್ತವೆ. ಕೆಲವಕ್ಕೆ ಬೇಲಿ ಇರುತ್ತದೆ, ಕೆಲವಕ್ಕೆ ಪಕ್ಕದಲ್ಲೇ ದಾರಿ ಇರುತ್ತದೆ. ಬೇಲಿ ಇದ್ದರೆ ಬಿಟ್ಟುಬಿಡಿ, ಹಾರಬೇಡಿ.

ಬೆಟ್ಟದ ನೆರಳೇ ನಿಜವಾದ ಗಡಿಯಾರ

ಸೂರ್ಯೋದಯ 6.40ಕ್ಕೆ ಅಂತ ಫೋನ್ ಹೇಳುತ್ತದೆ. ಅದು ಬಯಲಿನ ಲೆಕ್ಕ. ಪೂರ್ವದಲ್ಲಿ ಬೆಟ್ಟ ಅಡ್ಡ ಇದ್ದರೆ ನಿಮ್ಮ ಕಣಿವೆಗೆ ಬಿಸಿಲು ಬೀಳುವುದು ಎಂಟಕ್ಕೋ ಒಂಬತ್ತಕ್ಕೋ. ಸಂಜೆಯೂ ಅಷ್ಟೇ, ಪಶ್ಚಿಮದ ಬೆಟ್ಟ ಎರಡು ಗಂಟೆ ಮುಂಚೆಯೇ ಬೆಳಕು ನುಂಗಿಬಿಡುತ್ತದೆ. ಸಂಜೆ ಬಂಗಾರದ ಬೆಳಕಿಗೆ ಅಂತ ಆರಾಮಾಗಿ ಐದು ಗಂಟೆಗೆ ಹೊರಟು ಹೋದರೆ ಅಲ್ಲಿ ಬರೀ ನೀಲಿ ನೆರಳು ಕಾಯುತ್ತಿರುತ್ತದೆ.

ಫೋಟೊಪಿಲ್ಸ್ ಥರದ ಆ್ಯಪ್‌ಗಳು ನೀವು ನಿಂತ ಜಾಗಕ್ಕೆ ಸೂರ್ಯನ ದಾರಿಯನ್ನು ಗೆರೆ ಎಳೆದು ತೋರಿಸುತ್ತವೆ, ಕ್ಯಾಮೆರಾ ಎತ್ತಿ ಹಿಡಿದರೆ ಆಕಾಶದ ಮೇಲೆಯೇ ಗೆರೆ ಕಾಣುತ್ತದೆ. ಆ ಗೆರೆ ಬೆಟ್ಟದ ನೆತ್ತಿಯನ್ನು ಎಲ್ಲಿ ಕತ್ತರಿಸುತ್ತದೋ ಅದೇ ನಿಮ್ಮ ನಿಜವಾದ ಸೂರ್ಯೋದಯ. ಆ್ಯಪ್ ಇಲ್ಲದಿದ್ದರೆ ಕೈ ಸಾಕು. ತೋಳು ಪೂರ್ತಿ ಚಾಚಿ, ಬೆರಳುಗಳನ್ನು ಅಡ್ಡಲಾಗಿ ಸೂರ್ಯ ಮತ್ತು ಬೆಟ್ಟದ ಅಂಚಿನ ನಡುವೆ ಹಿಡಿಯಿರಿ. ಒಂದು ಬೆರಳಿಗೆ ಸುಮಾರು ಹದಿನೈದು ನಿಮಿಷ. ನಾಲ್ಕು ಬೆರಳು ಹಿಡಿಸಿದರೆ ಇನ್ನೊಂದು ಗಂಟೆ ಹತ್ತಿರ ಬೆಳಕಿದೆ ಅಂತ ಅರ್ಥ. ನೇರವಾಗಿ ಸೂರ್ಯನನ್ನೇ ದಿಟ್ಟಿಸಬೇಡಿ, ಅಂದಾಜು ಸಾಕು.

ಯಾವ ಜಾಗ ಬೆಳಿಗ್ಗೆಯದು, ಯಾವುದು ಸಂಜೆಯದು ಅಂತ ಮೊದಲೇ ವಿಂಗಡಿಸಿಕೊಳ್ಳಿ. ಅಮೆರಿಕದ ಕೊಲರಾಡೊದಲ್ಲಿ ಆಸ್ಪೆನ್ ಊರಿನ ಹತ್ತಿರ ಮರೂನ್ ಬೆಲ್ಸ್ ಅಂತ ಜೋಡಿ ಶಿಖರಗಳಿವೆ, 4,200 ಮೀಟರಿಗಿಂತ ಎತ್ತರ, ಕೆಳಗೆ ಸರೋವರ, ಸುತ್ತ ಹಳದಿ ಆಸ್ಪೆನ್. ಸರೋವರದ ದಡದಲ್ಲಿ ನಿಂತರೆ ಶಿಖರಗಳು ನೈಋತ್ಯಕ್ಕೆ ಇವೆ, ಅಂದರೆ ಬೆಳಗಿನ ಬೆಳಕು ನೇರ ಅವುಗಳ ಮುಖಕ್ಕೇ ಬೀಳುತ್ತದೆ. ಅದಕ್ಕೇ ಅಲ್ಲಿ ಕತ್ತಲಿರುವಾಗಲೇ ಟ್ರೈಪಾಡ್‌ಗಳ ಸಾಲು. ಮಧ್ಯಾಹ್ನದ ಮೇಲೆ ಹೋದರೆ ಸೂರ್ಯ ಶಿಖರದ ಹಿಂದೆ ಹೋಗಿ ಕಲ್ಲೆಲ್ಲ ಕಪ್ಪು. ಅದೇ ಹೊತ್ತಿಗೆ ಹಿಂದಕ್ಕೆ ತಿರುಗಿ ತೋಪಿನೊಳಗೆ ಹೋದರೆ ಎದುರುಬಿಸಿಲಿನಲ್ಲಿ ಎಲೆಗಳು ದೀಪ ಹಚ್ಚಿದ ಹಾಗೆ ಹೊಳೆಯುತ್ತಿರುತ್ತವೆ. ಶಿಖರಕ್ಕೆ ಮುಂಬೆಳಕು ಬೇಕು, ಎಲೆಗೆ ಹಿಂಬೆಳಕು ಬೇಕು. ಇದೊಂದು ನೆನಪಿದ್ದರೆ ದಿನದ ಅರ್ಧ ಯೋಜನೆ ತಾನಾಗಿ ಆಗುತ್ತದೆ.

ಮೋಡ ಕವಿದ ದಿನ ರೂಮಿನಲ್ಲಿ ಕೂರಬೇಡಿ. ಕಾಡಿನ ಒಳಗಿನ ಫೋಟೊಗೆ ಅದೇ ಒಳ್ಳೆಯ ದಿನ. ಬಿಸಿಲಿದ್ದರೆ ಕಾಡೊಳಗೆ ಚುಕ್ಕೆ ಚುಕ್ಕೆ ನೆರಳು ಬಿದ್ದು ಎಲ್ಲ ಗಜಿಬಿಜಿ. ಮೋಡ ಇದ್ದರೆ ಬಣ್ಣ ಗಾಢ, ಬೆಳಕು ಮೆತ್ತಗೆ. ಆಕಾಶವನ್ನು ಮಾತ್ರ ಫ್ರೇಮಿನಿಂದ ಹೊರಗಿಡಿ, ಬಿಳಿ ಆಕಾಶ ಒಂದು ಚೂರು ಇಣುಕಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಹೋದ ಮೊದಲ ದಿನ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ

ಇದನ್ನು ಹೇಳಿದರೆ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಮೊದಲ ಮಧ್ಯಾಹ್ನ ಸುಮ್ನೆ ಸುತ್ತಾಡಿ. ಗುರುತು ಹಾಕಿದ ಹತ್ತೂ ಜಾಗಗಳಿಗೆ ಹೋಗಿ, ಫೋನಿನಲ್ಲಿ ಒಂದೊಂದು ಫೋಟೊ, ಜೊತೆಗೆ ಮೂರು ಮಾತು ಬರೆದುಕೊಳ್ಳಿ. ಕಾರು ಎಲ್ಲಿ ನಿಲ್ಲುತ್ತದೆ, ಕತ್ತಲಲ್ಲಿ ನಡೆಯಬಹುದಾ, ಮುಂದೆ ಏನು ಅಡ್ಡ ಇದೆ. ಕ್ಯಾಮೆರಾ ಕೈಯಲ್ಲಿದ್ದರೆ ಮೊದಲು ಸಿಕ್ಕ ಹಳದಿ ಮರದ ಹತ್ತಿರವೇ ಎರಡು ಗಂಟೆ ಕಳೆದುಬಿಡುತ್ತೀರಿ, ನನಗೆ ಗೊತ್ತು.

ಒಂದೇ ರಸ್ತೆಯನ್ನು ಎರಡೂ ದಿಕ್ಕಿನಲ್ಲಿ ಓಡಾಡಿ. ಹೋಗುವಾಗ ಏನೂ ಕಾಣದ ತಿರುವು ಬರುವಾಗ ಪೂರ್ತಿ ಕಣಿವೆ ತೆರೆದು ತೋರಿಸುತ್ತದೆ. ಸೇತುವೆ ಸಿಕ್ಕರೆ ಎರಡೂ ಬದಿ ಇಣುಕಿ. ನೂರು ಮೀಟರ್ ನಡೆದರೆ ಮುಂದಿನ ಮರ ಪಕ್ಕಕ್ಕೆ ಸರಿದು ಹಿಂದಿನ ಶಿಖರ ಬರುತ್ತದಾ ಅಂತ ನೋಡಿ. ಬಹಳಷ್ಟು ಜನ ಕಾರಿನ ಬಾಗಿಲಿನಿಂದ ಇಪ್ಪತ್ತು ಹೆಜ್ಜೆ ದಾಟುವುದಿಲ್ಲ, ಹಾಗಾಗಿ ಐದು ನಿಮಿಷ ನಡೆದರೂ ಸಾಕು, ನಿಮ್ಮದು ಬೇರೆ ಫೋಟೊ ಆಗುತ್ತದೆ.

ಸ್ಕೀ ಇಳಿಜಾರುಗಳು ಈ ಕಾಲದಲ್ಲಿ ಬರೀ ಹುಲ್ಲಿನ ಪಟ್ಟಿಗಳು. ದೂರದಿಂದ ನೋಡಿದರೆ ಕಾಡಿಗೆ ಕ್ಷೌರ ಮಾಡಿದ ಹಾಗೆ ಕಂಡು ಫೋಟೊ ಕೆಡಿಸುತ್ತವೆ ನಿಜ. ಆದರೆ ಅವುಗಳ ಮೇಲೆಯೇ ನಿಂತರೆ? ಮುಂದೆ ಮರ ಅಡ್ಡ ಇಲ್ಲ, ಎರಡೂ ಬದಿ ಬಣ್ಣದ ಗೋಡೆ, ಕೆಳಗೆ ಕಣಿವೆ. ಕಡಿದಾದ ಬೆಟ್ಟದಲ್ಲಿ ಇಷ್ಟು ತೆರೆದ ನೋಟ ಬೇರೆ ಕಡೆ ಸಿಗುವುದು ಕಷ್ಟ. ಅಲ್ಲಿ ನಡೆಯಲು ಬಿಡುತ್ತಾರಾ ಅಂತ ಕೇಳಿಕೊಳ್ಳಿ, ಈ ತಿಂಗಳುಗಳಲ್ಲಿ ರಿಪೇರಿ ಕೆಲಸದ ಗಾಡಿಗಳು ಓಡಾಡುತ್ತಿರುತ್ತವೆ.

ಕೇಬಲ್ ಕಾರನ್ನು ನಂಬಿಕೊಂಡು ಹೋಗುವವರಿಗೆ ಒಂದು ಎಚ್ಚರಿಕೆ. ಬೇಸಿಗೆ ಸೀಸನ್ ಮುಗಿದು ಚಳಿಗಾಲದ ಸೀಸನ್ ಶುರುವಾಗುವ ಮಧ್ಯೆ ಬಹಳ ಕಡೆ ಅದನ್ನು ನಿಲ್ಲಿಸಿಬಿಡುತ್ತಾರೆ. ಆಲ್ಪ್ಸ್ ಕಡೆ ಲಾರ್ಚ್ ಬಂಗಾರವಾಗುವ ಹೊತ್ತಿಗೇ ಎಷ್ಟೋ ಲಿಫ್ಟ್‌ಗಳು ಬಂದ್. ಕೊನೆಯ ದಿನ ಯಾವುದು ಅಂತ ನೋಡಿಕೊಂಡೇ ರೂಮು ಬುಕ್ ಮಾಡಿ. ಓಡುತ್ತಿದ್ದರೂ ಮೊದಲ ಸವಾರಿ ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ಇರಬಹುದು, ಆಗ ಮುಂಜಾವಿನ ಬೆಳಕು ಮುಗಿದಿರುತ್ತದೆ. ಒಳಗಿಂದ ಫೋಟೊ ತೆಗೆಯುವಾಗ ಲೆನ್ಸನ್ನು ಗಾಜಿಗೆ ಒತ್ತಿ ಹಿಡಿಯಿರಿ, ಕಪ್ಪು ಬಟ್ಟೆ ಹಾಕಿಕೊಂಡಿದ್ದರೆ ನಿಮ್ಮ ಪ್ರತಿಬಿಂಬ ಕಡಿಮೆ.

ಸ್ಥಳೀಯರನ್ನು ಕೇಳಿ, ಆದರೆ ಪ್ರಶ್ನೆ ಬದಲಾಯಿಸಿ. "ಒಳ್ಳೆ ಜಾಗ ಯಾವುದು" ಅಂದರೆ ಮತ್ತೆ ಅದೇ ಮೂರು ಹೆಸರು. "ಬೆಳಿಗ್ಗೆ ಮಂಜು ಎಲ್ಲಿ ನಿಲ್ಲುತ್ತೆ?" "ಈ ವಾರ ಯಾವ ರಸ್ತೇಲಿ ಎಲೆ ಜಾಸ್ತಿ ಬಿದ್ದಿದೆ?" "ಸಂಜೆ ಕೊನೆಗೆ ಬಿಸಿಲು ಬಿಡೋದು ಯಾವ ಗುಡ್ಡ?" ಇದನ್ನು ಮುಂಜಾನೆ ಕೆಲಸಕ್ಕೆ ಬರುವ ಡ್ರೈವರ್, ಲಿಫ್ಟ್ ರಿಪೇರಿ ಮಾಡುವವರು, ಕುದುರೆ ಹೊಡೆಯುವವರು ಥಟ್ಟನೆ ಹೇಳುತ್ತಾರೆ. ಒಂದು ಸಲ ನನಗೆ ಹೀಗೆ ಸಿಕ್ಕ ಉತ್ತರ "ಲಾಂಡ್ರಿ ಹಿಂದೆ". ನಗು ಬಂತು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಟ್ಟಡದ ಹಿಂದಿನ ಸಾಮಾನಿನ ಗಾಡಿ ನಿಲ್ಲುವ ಜಾಗ, ಅಲ್ಲಿಂದ ಕೆಳಗೆ ಇಡೀ ಕಣಿವೆ ಮಂಜಿನಲ್ಲಿ ಮುಳುಗಿತ್ತು, ಬರ್ಚ್ ಮರಗಳ ತುದಿಗಳಷ್ಟೇ ಮೇಲೆ ತೇಲುತ್ತಿದ್ದವು. ಮೂರು ದಿನ ಹತ್ತಿಳಿದು ತೆಗೆದ ಯಾವ ಫೋಟೊವೂ ಅದರ ಹತ್ತಿರ ಬರಲಿಲ್ಲ.

ಆ ಮಂಜು ಅದೃಷ್ಟ ಅಲ್ಲ, ಮುಂಚೆಯೇ ಊಹಿಸಬಹುದು. ಹಿಂದಿನ ದಿನ ಮಳೆ ಬಂದು ನೆಲ ಒದ್ದೆಯಾಗಿ, ರಾತ್ರಿ ಆಕಾಶ ತಿಳಿಯಾಗಿ, ಗಾಳಿ ನಿಂತರೆ, ಬೆಳಿಗ್ಗೆ ಕಣಿವೆಯಲ್ಲಿ ಮಂಜು ಕೂರುವ ಸಾಧ್ಯತೆ ಬಹಳ. ಆಗ ಕೊಳದ ಹತ್ತಿರ ಹೋಗಬೇಡಿ, ಏನೂ ಕಾಣುವುದಿಲ್ಲ. ಮಂಜಿನ ಮೇಲೆ ಬರುವಷ್ಟು ಎತ್ತರಕ್ಕೆ ಹೋಗಿ. ಮಂಜಿಲ್ಲ, ಗಾಳಿಯೂ ಇಲ್ಲ ಅಂದರೆ ಕೊಳಕ್ಕೆ ಹೋಗಿ. ಮುನ್ಸೂಚನೆಯಲ್ಲಿ ಜೋರು ಗಾಳಿ ಅಂತ ಕಂಡರೆ ಉಳಿದ ಕೆಲಸ ಬಿಟ್ಟು ಅದರ ಹಿಂದಿನ ದಿನವೇ ತೆಗೆದು ಮುಗಿಸಿ, ಒಂದು ರಾತ್ರಿಯ ಗಾಳಿಗೆ ಇಡೀ ತೋಪು ಬೋಳಾಗಬಹುದು. ಬೋಳಾದರೂ ಪರವಾಗಿಲ್ಲ, ಮರುದಿನ ತೊರೆಯ ಕಲ್ಲುಗಳ ಮೇಲೆಲ್ಲ ಎಲೆ ಅಂಟಿಕೊಂಡಿರುತ್ತದೆ, ತಲೆ ಬಗ್ಗಿಸಿ ಹುಡುಕಿ. ಮೇಲಿನ ಶಿಖರಕ್ಕೆ ಮೊದಲ ಹಿಮ ಬಿದ್ದು ಕೆಳಗೆ ಇನ್ನೂ ಹಳದಿ ಉಳಿದಿದ್ದರೆ, ಅಂಥ ಬೆಳಗು ಒಂದೋ ಎರಡೋ ಸಿಗುತ್ತದೆ ಅಷ್ಟೇ. ಬಿಸಿಲೇರಿದರೆ ಹಿಮ ಕರಗುತ್ತದೆ, ಬೇಗ ಏಳಿ.

ಕ್ಯಾಮೆರಾ ಬಗ್ಗೆ, ಚುಟುಕಾಗಿ

ಅಗಲ ಲೆನ್ಸ್‌ಗಿಂತ ದೂರದ್ದನ್ನು ಹತ್ತಿರ ತೋರಿಸುವ 70-200 ಮಿಲಿಮೀಟರ್ ಥರದ ಲೆನ್ಸ್ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಎದುರು ಬೆಟ್ಟದ ಕೌದಿಯನ್ನು ಕತ್ತರಿಸಿ ತೆಗೆಯೋಕೆ ಅದೇ ಬೇಕು. ಬಣ್ಣದ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಇಡಬೇಡಿ, ಅಷ್ಟೊಂದು ಹಳದಿ ಕಂಡು ಅದು ಸರಿ ಮಾಡುತ್ತೇನೆ ಅಂತ ನೀಲಿ ಬೆರೆಸಿಬಿಡಬಹುದು. ಡೇಲೈಟ್‌ಗೆ ಹಾಕಿ. ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಒಂದನ್ನು ತಪ್ಪದೆ ಒಯ್ಯಿರಿ, ಒದ್ದೆ ಎಲೆಗಳ ಮೇಲಿನ ಬಿಳಿ ಹೊಳಪು ತೆಗೆದು ಒಳಗಿನ ಬಣ್ಣ ತೋರಿಸುತ್ತದೆ. ಮೋಡದ ದಿನವೂ ಕೆಲಸ ಮಾಡುತ್ತದೆ, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಆಕಾಶದ ಮೇಲೆ ಅದರ ಪರಿಣಾಮ ಸೂರ್ಯನಿಂದ 90 ಡಿಗ್ರಿ ದಿಕ್ಕಿನಲ್ಲಿ ಅತಿ ಹೆಚ್ಚು, ಹಾಗಾಗಿ ಅಗಲ ಲೆನ್ಸಿನಲ್ಲಿ ಆಕಾಶ ಒಂದು ಕಡೆ ಕಪ್ಪು ಒಂದು ಕಡೆ ತಿಳಿ ಆಗಿಬಿಡುತ್ತದೆ, ನೋಡಿಕೊಳ್ಳಿ. ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್ ಇರುತ್ತದಲ್ಲ, ಆ ಹಿಸ್ಟೊಗ್ರಾಮಿನಲ್ಲಿ ಕೆಂಪು ಚಾನೆಲ್ ಪ್ರತ್ಯೇಕ ನೋಡಿ, ಒಟ್ಟು ಎಕ್ಸ್‌ಪೋಶರ್ ಸರಿ ಇದ್ದರೂ ಕೆಂಪು ಎಲೆಗಳ ವಿವರ ಸುಟ್ಟುಹೋಗಿರಬಹುದು. ನೀರಿನ ಪ್ರತಿಬಿಂಬಕ್ಕೆ ಟ್ರೈಪಾಡ್ ಆದಷ್ಟು ತಗ್ಗಿಸಿ. ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ, ಇನ್ನೊಂದು ಬ್ಯಾಟರಿ ಜೇಬಿನಲ್ಲಿ ಬೆಚ್ಚಗಿರಲಿ.

ಹೋಗುವ ಮುಂಚೆ ನೋಡಬೇಕಾದ ನಿಯಮಗಳು

ಹೆಸರಾದ ಜಾಗಗಳಿಗೆ ಈಗ ಕಾರಿನಲ್ಲಿ ನೇರ ನುಗ್ಗೋಕೆ ಆಗುವುದಿಲ್ಲ. ಕೆನಡಾದ ಮೊರೇನ್ ಸರೋವರದ ರಸ್ತೆಗೆ 2023ರಿಂದ ಖಾಸಗಿ ಕಾರು ಬಿಡುವುದಿಲ್ಲ, ಲಾರ್ಚ್ ಕಣಿವೆಗೆ ಹತ್ತುವ ದಾರಿ ಶುರುವಾಗುವುದೇ ಅಲ್ಲಿಂದ, ಹಾಗಾಗಿ ಬಸ್ಸಿನ ಸೀಟು ಮೊದಲೇ ಹಿಡಿಯಬೇಕು. ಮರೂನ್ ಬೆಲ್ಸ್‌ಗೂ ಸೀಸನ್‌ನಲ್ಲಿ ಪಾರ್ಕಿಂಗ್ ಇಲ್ಲವೇ ಬಸ್ಸು ಮುಂಗಡ ಬುಕ್ ಮಾಡಬೇಕು. ಡ್ರೋನ್ ಒಯ್ಯುವವರು ಇನ್ನೂ ಹುಷಾರಾಗಿರಿ, ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದಲೇ ನಿಷೇಧ.

ಸೆಪ್ಟೆಂಬರ್-ಅಕ್ಟೋಬರ್ ಅಂದರೆ ಎಲ್ಕ್ ಜಿಂಕೆಗಳು ಬೆದೆಗೆ ಬರುವ ಕಾಲವೂ ಹೌದು. ಗಂಡು ಎಲ್ಕ್ ಆಗ ಯಾರ ಮೇಲಾದರೂ ನುಗ್ಗಬಹುದು. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಕನಿಷ್ಠ 23 ಮೀಟರ್ ದೂರ ಇರಬೇಕು ಅಂತ ನಿಯಮ, ಕರಡಿಗೆ 91 ಮೀಟರ್. ಬೇರೆ ಕಡೆ ದೂರದ ಲೆಕ್ಕ ಇನ್ನೂ ಹೆಚ್ಚಿರಬಹುದು, ಅಲ್ಲಿನ ನಿಯಮ ಕೇಳಿಕೊಳ್ಳಿ. ಬೇಟೆಗೆ ಪರವಾನಗಿ ಕೊಡುವ ದೇಶಗಳಲ್ಲಿ ಅದರ ಸೀಸನ್ ಕೂಡ ಇದೇ ತಿಂಗಳುಗಳಲ್ಲಿ ಬರುತ್ತದೆ, ಕಂದು ಜಾಕೆಟ್ ಹಾಕಿಕೊಂಡು ಪೊದೆಯಲ್ಲಿ ಬಗ್ಗಿ ಕೂತ ಫೋಟೊಗ್ರಾಫರ್ ದೂರದಿಂದ ಜಿಂಕೆಯ ಹಾಗೇ ಕಾಣುತ್ತಾನೆ, ಅಲ್ವಾ? ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಟೋಪಿ ಹಾಕಿ. 2,500 ಮೀಟರಿಗಿಂತ ಮೇಲೆ ಹೋಗುತ್ತಿದ್ದರೆ ಮೊದಲ ದಿನ ಓಡಾಟ ಕಡಿಮೆ ಇರಲಿ, ತಲೆನೋವು ವಾಕರಿಕೆ ಬಂದರೆ ಇನ್ನೂ ಮೇಲೆ ಹತ್ತಬೇಡಿ. ಹೆಡ್‌ಲ್ಯಾಂಪ್ ಇಲ್ಲದೆ ಸಂಜೆ ಫೋಟೊಗೆ ಹೋಗಲೇಬೇಡಿ, ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ ಎಷ್ಟು ಚೆನ್ನಾಗಿರುತ್ತದೆ ಅಂದರೆ ನೀವು ನಿಂತೇ ನಿಲ್ಲುತ್ತೀರಿ, ವಾಪಸ್ ನಡೆಯುವುದು ಕತ್ತಲಲ್ಲೇ.

ವಾಪಸ್ ಬಂದ ಮೇಲೆ ಪ್ರತಿ ಜಾಗಕ್ಕೂ ಒಂದು ಸಾಲು ಬರೆದಿಡಿ. ದಿನಾಂಕ, ಎತ್ತರ, ಬಣ್ಣ ಎಷ್ಟಿತ್ತು, ಬಿಸಿಲು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು. ನನ್ನ ಪುಸ್ತಕದಲ್ಲಿ ಲಾಂಡ್ರಿ ಹಿಂದಿನ ಜಾಗಕ್ಕೆ ಹೀಗೆ ಬರೆದಿದೆ: "7.10ರಿಂದ 7.35. ನಾಲ್ಕು ದಿನ ಮುಂಚೆ ಬರಬೇಕಿತ್ತು. ಸಾಮಾನಿನ ಗಾಡಿ 7.40ಕ್ಕೆ ಬರುತ್ತದೆ, ಅಡ್ಡ ನಿಲ್ಲಬೇಡ."